ಅಜ್ಜಿಯ ಉಪ್ಪಿನಕಾಯಿ ಪಟ್ಟಿ ಮತ್ತು ಪರದೆಯ ಚುಕ್ಕಿಗಳು

ಪ್ರೀತಿಯ ಮಕ್ಕಳೇ, ಪಕ್ಕದಲ್ಲಿ ಕನ್ನಡಕ ಒರೆಸುತ್ತ ಕೂತಿರುವ ಅಜ್ಜ ಅಜ್ಜಿಯರೇ,

ಈ ವಾರ ಮಾವಿನ ಮಿಡಿಯಿಂದ ಶುರು ಮಾಡುತ್ತೇನೆ. ಕಂಪ್ಯೂಟರಿಗೂ ಮಿಡಿಗೂ ಎಂತ ಸಂಬಂಧ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಸಂಬಂಧ ಉಂಟು.

ನನ್ನ ಹೆಂಡತಿ ತೀರಿಕೊಂಡ ಮೇಲೆ ಮಿಜಾರಿನ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಖಾಲಿಯೇ ಇತ್ತು. ಕಳೆದ ವರ್ಷ ಸೊಸೆಗೆ ಐನೂರು ಮಿಡಿ ಹಾಕುವ ಮನಸ್ಸಾಯಿತು. ಅಳತೆ ಯಾರನ್ನು ಕೇಳುವುದು? ಆಗ ನೆನಪಾದದ್ದು ಅಟ್ಟದ ಮೇಲಿನ ಹಳೆ ಕಂಪ್ಯೂಟರ್. 1996ರಲ್ಲಿ ನಾನು ಅದನ್ನು ಸೆಕೆಂಡ್ ಹ್ಯಾಂಡಿಗೆ ತಂದಾಗ, "ತಂದದ್ದು ತಂದಿರಿ, ಅದಕ್ಕೂ ಏನಾದರೂ ಕೆಲಸ ಬೇಡವೇ?" ಎಂದು ಅವಳೇ ಕೂತು ಒಂದು ಪಟ್ಟಿ ಮಾಡಿದ್ದಳು. ಎಡಗಡೆ ಸಾಮಾನಿನ ಹೆಸರು: ಉಪ್ಪು, ಒಣಮೆಣಸು, ಸಾಸಿವೆ, ಅರಸಿನ, ಇಂಗು. ಬಲಗಡೆಗೆ ಒಂದರ ಪಕ್ಕ ಒಂದು ಕಾಲಂ: ನೂರು ಮಿಡಿಗೆ ಎಷ್ಟು, ಇನ್ನೂರೈವತ್ತಕ್ಕೆ ಎಷ್ಟು, ಐನೂರಕ್ಕೆ, ಸಾವಿರಕ್ಕೆ. ಬ್ಯಾಂಕಿನ ಲೆಡ್ಜರಿನ ಹಾಗೆ ಅಚ್ಚುಕಟ್ಟು.

ಆ ಕಡತವನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡವನ್ನು ಕೂರಿಸುತ್ತಿದ್ದವು. ಆ ಫಾಂಟ್ ಇರುವುದು ಹಳೆ ಯಂತ್ರದಲ್ಲಿ ಮಾತ್ರ. ಹಾಗಾಗಿ ಅದನ್ನೇ ಕೆಳಗಿಳಿಸಿ, ಧೂಳು ಹೊಡೆದು, ವಿಂಡೋಸ್ 3.1 ಶುರು ಮಾಡಿ ಪಟ್ಟಿ ತೆರೆದೆ. ಪರದೆಯಲ್ಲಿ ಹೆಸರಿನ ಕಾಲಂ ಮತ್ತು ಇನ್ನೂರೈವತ್ತರ ತನಕ ಮಾತ್ರ ಹಿಡಿಯಿತು. ಐನೂರರ ಕಾಲಂ ನೋಡಬೇಕಾದರೆ ಪಟ್ಟಿಯನ್ನು ಪಕ್ಕಕ್ಕೆ ಸರಿಸಬೇಕು. ಸರಿಸಿದರೆ ಹೆಸರುಗಳು ಮಾಯ! ಸಾಲು ನೆನಪಿಟ್ಟುಕೊಂಡು ಕಾಗದಕ್ಕೆ ಇಳಿಸಿದೆ. ಮೂವತ್ತೆರಡು ವರ್ಷ ಲೆಡ್ಜರ್ ಬರೆದ ಕೈ, ಒಂದು ಸಾಲು ತಪ್ಪಿತು. ಸಾಸಿವೆಯ ಅಳತೆ ಉಪ್ಪಿಗೆ ಹೋಯಿತು. ಮಳೆಗಾಲ ಮುಗಿಯುವುದರೊಳಗೆ ಐನೂರು ಮಿಡಿಗೂ ಬೂಷ್ಟು. ಸೊಸೆ ಒಂದು ಮಾತೂ ಆಡದೆ ಭರಣಿ ತೊಳೆದಿಟ್ಟಳು. ಬೈದಿದ್ದರೆ ವಾಸಿ ಇತ್ತು.

ಈ ವರ್ಷ ರಜೆಯಲ್ಲಿ ಬೆಂಗಳೂರಿನಿಂದ ಏಳನೇ ಕ್ಲಾಸಿನ ಮೊಮ್ಮಗ ಬಂದ. ಕಥೆ ಕೇಳಿ, "ಅಜ್ಜ, ರೆಸಲ್ಯೂಷನ್ ಜಾಸ್ತಿ ಮಾಡಿದರೆ ಆಯ್ತಲ್ಲ? ಎರಡು ಕ್ಲಿಕ್" ಎಂದ. "ಎರಡು ಕ್ಲಿಕ್ಕಲ್ಲಿ ಆಗುವುದಾದರೆ ನೀನೇ ಮಾಡು ಮಾರಾಯ" ಎಂದು ಕುರ್ಚಿ ಬಿಟ್ಟುಕೊಟ್ಟೆ. ನಮಗೆ ಮೂರು ದಿನ ಬೇಕಾಯಿತು.

ರೆಸಲ್ಯೂಷನ್ ಎಂದರೆ ಏನು? ಅಂಗಳದ ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಪರದೆಯೂ ಹಾಗೆಯೇ. ಅಡ್ಡಕ್ಕೆ ಇಷ್ಟು ಚುಕ್ಕಿ, ಉದ್ದಕ್ಕೆ ಇಷ್ಟು ಸಾಲು. ನಮ್ಮ ಯಂತ್ರದಲ್ಲಿ ಅಡ್ಡಕ್ಕೆ 640 ಚುಕ್ಕಿ, 480 ಸಾಲು. ಗುಣಿಸಿದರೆ 3,07,200. ಇದಕ್ಕೆ ವಿಜಿಎ ಎಂದು ಹೆಸರು. ಐಬಿಎಂ ಕಂಪೆನಿ 1987ರಲ್ಲಿ ತಂದದ್ದು. ಅದಕ್ಕಿಂತ ಹಿಂದೆ ಇನ್ನೂ ಬಡತನ. 1981ರ ಸಿಜಿಎಯಲ್ಲಿ ಹೆಚ್ಚೆಂದರೆ 640 ಚುಕ್ಕಿಯ 200 ಸಾಲು, ಅದೂ ಎರಡೇ ಬಣ್ಣ. 1984ರ ಇಜಿಎಯಲ್ಲಿ 350 ಸಾಲು. 1985ರ ನವೆಂಬರಿನಲ್ಲಿ ಮೊದಲ ವಿಂಡೋಸ್ ಬಂದಾಗ ಇಷ್ಟರೊಳಗೇ ಅದು ಸಂಸಾರ ಮಾಡಬೇಕಿತ್ತು. ಆ ವಿಂಡೋಸಿನಲ್ಲಿ ಪರದೆಯ ಗಾತ್ರ ಬದಲಿಸಬೇಕಾದರೆ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ಇಡೀ ವಿಂಡೋಸನ್ನೇ ಪುನಃ ಸ್ಥಾಪಿಸಬೇಕಿತ್ತು!

ಇಂಗ್ಲಿಷಿಗೆ ಕಡಿಮೆ ಚುಕ್ಕಿಯಲ್ಲೂ ನಡೆಯುತ್ತದೆ. ಸಿಜಿಎಯಲ್ಲಿ ಒಂದು ಅಕ್ಷರಕ್ಕೆ ಅಡ್ಡ ಎಂಟು, ಉದ್ದ ಎಂಟು ಚುಕ್ಕಿಯ ಜಾಗ. ಅಷ್ಟರಲ್ಲಿ ‘ರಾಷ್ಟ್ರ’ ಎಂದು ಬರೆಯಲು ನೋಡಿ. ತಲೆಕಟ್ಟು ಬೇಕು, ದೀರ್ಘ ಬೇಕು, ಷಕಾರದ ಅಡಿಯಲ್ಲಿ ಎರಡೆರಡು ಒತ್ತು ಬೇಕು. ಚೌಕುಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಚುಕ್ಕಿ ತುಂಬಿಸಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಈ ಕಷ್ಟ ನಮ್ಮದೊಂದೇ ಅಲ್ಲ. ಥಾಯ್ಲೆಂಡಿನ ವ್ಯಾನ್ ಸುವನ್ನುಕುಲ್ ಎಂಬ ವಿದ್ಯಾರ್ಥಿಗೆ ತನ್ನ ಪ್ರಬಂಧದ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಥಾಯ್ ಲಿಪಿ ಬೇಕಿತ್ತು. ಇದ್ದ ಕಾರ್ಡುಗಳಲ್ಲಿ ಸರಿಯಾಗಿ ಮೂಡಲಿಲ್ಲ. ತಾನೇ ಒಂದು ಕಾರ್ಡ್ ಕಟ್ಟಿದ. ಅದೇ 1982ರ ಹರ್ಕ್ಯುಲಿಸ್ ಕಾರ್ಡ್. 720 ಚುಕ್ಕಿಯ 348 ಸಾಲು. ಆಮೇಲೆ ಪ್ರಪಂಚವೇ ಅದನ್ನು ಕೊಂಡಿತು. ತನ್ನ ಭಾಷೆಗಾಗಿ ಮಾಡಿದ್ದು ಎಲ್ಲರಿಗೂ ಆಯಿತು.

ನಮ್ಮಲ್ಲೂ ಅಂಥವರಿದ್ದಾರೆ. ಮಿಜಾರಿನಿಂದ ಮಂಗಳೂರು ಬಸ್ಸು ಹತ್ತಿದರೆ ಎಡಪದವು ದಾಟಿ ಕೈಕಂಬ ಸಿಗುತ್ತದಲ್ಲ, ಅದರ ಹತ್ತಿರದ ಕಿನ್ನಿಕಂಬಳದವರು ಕೆ. ಪಿ. ರಾವ್. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ತಂತ್ರಾಂಶ ಮಾಡಿ, ಅದಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಇವತ್ತು ‘ನುಡಿ’ಯಲ್ಲಿ ನೀವು ಒತ್ತುವ ಕೀಲಿಗಳ ಜೋಡಣೆಗೂ ಅವರು ರೂಪಿಸಿದ ವಿನ್ಯಾಸವೇ ಆಧಾರ.

ಈಗ ನಮ್ಮ ಮೂರು ದಿನದ ಕಥೆ.

ಮೊದಲನೆಯ ದಿನ ಡ್ರೈವರಿನದ್ದು. ನಾವು ಮನೆಯಲ್ಲಿ ತುಳು ಮಾತಾಡುತ್ತೇವೆ, ಶಾಲೆಯಲ್ಲಿ ಕನ್ನಡ. ಎರಡೂ ಬಾರದವರು ಬಂದರೆ ದುಭಾಷಿ ಬೇಕು. ವಿಂಡೋಸಿಗೂ ಚಿತ್ರ ಬಿಡಿಸುವ ಕಾರ್ಡಿಗೂ ನಡುವಿನ ದುಭಾಷಿಯೇ ಡ್ರೈವರ್. ವಿಜಿಎ ತನಕ ಎಲ್ಲ ಕಂಪೆನಿಗಳೂ ಐಬಿಎಂನದ್ದನ್ನೇ ನಕಲು ಮಾಡಿದ್ದರಿಂದ ಒಬ್ಬನೇ ದುಭಾಷಿ ಸಾಕಿತ್ತು. ಅದಕ್ಕಿಂತ ಮೇಲೆ ಹೋಗುವಾಗ ಪ್ರತಿ ಕಂಪೆನಿಗೂ ತನ್ನದೇ ಭಾಷೆ. ಅವರನ್ನೆಲ್ಲ ಒಂದು ದಾರಿಗೆ ತರಲೆಂದೇ 1989ರಲ್ಲಿ ವೆಸಾ ಎಂಬ ಸಂಘ ಹುಟ್ಟಿಕೊಂಡಿತು. ನಮ್ಮ ಕಾರ್ಡಿನ ಭಾಷೆ ಬಲ್ಲ ಡ್ರೈವರ್ ಇದ್ದದ್ದು ಒಂದು ಫ್ಲಾಪಿಯಲ್ಲಿ. ಕರಾವಳಿಯ ಮಳೆಗೆ ಉಪ್ಪಿನಕಾಯಿಗೆ ಮಾತ್ರ ಅಲ್ಲ, ಫ್ಲಾಪಿಗೂ ಬೂಷ್ಟು ಹಿಡಿಯುತ್ತದೆ. ಆದರೆ ನನ್ನ ಹೆಂಡತಿ ಅವನ್ನು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದಳು. ಮೂರರಲ್ಲಿ ಎರಡು ಹೋಗಿದ್ದವು. ಬೇಕಾದದ್ದು ಉಳಿದಿತ್ತು.

ಎರಡನೆಯ ದಿನ ಲೆಕ್ಕದ್ದು. ವಿಂಡೋಸ್ 3.1ರ ಸೆಟಪ್ಪಿನಲ್ಲಿ ಡಿಸ್‌ಪ್ಲೇ ಪಟ್ಟಿಯ ಕೊನೆಗೆ ಹೋಗಿ ಫ್ಲಾಪಿ ಕೊಟ್ಟೆವು. ಹೊಸ ಹೆಸರುಗಳು ಬಂದವು. ಹುಡುಗ ನೇರ ದೊಡ್ಡದಕ್ಕೇ ಕೈ ಹಾಕಿದ: 1024 ಚುಕ್ಕಿ, 768 ಸಾಲು, 256 ಬಣ್ಣ. ವಿಂಡೋಸ್ ಏಳಲೇ ಇಲ್ಲ. ಕಪ್ಪು ಪರದೆಯ ಡಾಸಿಗೆ ಮರಳಿತು. ಅವನ ಮುಖವೂ ಕಪ್ಪಾಯಿತು. ಹೆದರುವ ವಿಷಯವಲ್ಲ. ಈ ವಿಂಡೋಸ್ ಡಾಸಿನ ಮೇಲೆ ಓಡುವಂಥದ್ದು. ಡಾಸಿನಿಂದಲೇ ಸೆಟಪ್ ಓಡಿಸಿ ಪುನಃ ವಿಜಿಎ ಆರಿಸಿದರೆ ಹಳೆಯ ಜಾಗಕ್ಕೆ ಬರುತ್ತೇವೆ. ಬಂದೆವು. ಆಮೇಲೆ ನಾನು ಕಾಗದ ತೆಗೆದೆ.

ಪರದೆಯ ಪ್ರತಿ ಚುಕ್ಕಿಯ ಬಣ್ಣವನ್ನೂ ಕಾರ್ಡ್ ತನ್ನ ನೆನಪಿನಲ್ಲಿ ಬರೆದಿಡಬೇಕು. 256 ಬಣ್ಣ ಬೇಕಾದರೆ ಚುಕ್ಕಿಗೆ ಒಂದು ಬೈಟ್. 16 ಬಣ್ಣ ಸಾಕಾದರೆ ಅರ್ಧ ಬೈಟ್. ನಮ್ಮ ಕಾರ್ಡಿನಲ್ಲಿರುವುದು 512 ಕೆಬಿ, ಅಂದರೆ 5,24,288 ಬೈಟ್. ಇದು ನಮ್ಮ ಖಾತೆಯ ಜಮಾ. (1987ರ ಐಬಿಎಂ ವಿಜಿಎಯಲ್ಲಿ ಇದರ ಅರ್ಧ, 2,62,144 ಬೈಟ್ ಇತ್ತು.) ಈಗ ಖರ್ಚು ನೋಡಿ. 1024ನ್ನು 768ರಿಂದ ಗುಣಿಸಿದರೆ 7,86,432. ಅಷ್ಟೇ ಬೈಟ್ ಬೇಕು. "ಖಾತೆಯಲ್ಲಿ ಇಲ್ಲದ ಹಣಕ್ಕೆ ಚೆಕ್ ಬರೆದಿದ್ದಿ, ವಾಪಸು ಬಂತು" ಎಂದೆ. ಅವನೇ ಮುಂದಿನ ಲೆಕ್ಕ ಮಾಡಿದ. 16 ಬಣ್ಣಕ್ಕಾದರೆ ಅರ್ಧ, 3,93,216. ಚೆಕ್ ಪಾಸ್! 800 ಚುಕ್ಕಿ, 600 ಸಾಲಿಗೆ 16 ಬಣ್ಣದಲ್ಲಿ 2,40,000. ಅದೂ ಪಾಸ್. ಉಪ್ಪಿನಕಾಯಿ ಪಟ್ಟಿಗೆ 256 ಬಣ್ಣ ಯಾಕೆ?

ಮೂರನೆಯ ದಿನ ಮಾನಿಟರಿನದ್ದು. ನಮ್ಮದು ಹಳೆ ಟೀವಿಯ ಹಾಗೆ ಹಿಂದೆ ಡುಬ್ಬ ಇರುವಂಥದ್ದು. ಅದರೊಳಗೆ ಎಲೆಕ್ಟ್ರಾನಿನ ಒಂದು ಕಿರಣ ಗದ್ದೆ ಉತ್ತ ಹಾಗೆ ಸಾಲು ಎಳೆಯುತ್ತ ಹೋಗುತ್ತದೆ. ವಿಜಿಎಯಲ್ಲಿ ಸೆಕೆಂಡಿಗೆ ಸುಮಾರು 31,500 ಸಾಲು! ನಮ್ಮ ಮಾನಿಟರಿನ ಪುಸ್ತಕದಲ್ಲಿ ಹೆಚ್ಚೆಂದರೆ 35,500 ಎಂದು ಬರೆದಿತ್ತು. ಪುಸ್ತಕವನ್ನು ಮೊದಲೇ ಓದಬೇಕಿತ್ತು. ಓದಲಿಲ್ಲ. 800ಕ್ಕೆ 600 ಆರಿಸುವಾಗ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬಿಡಿಸಬೇಕು ಎಂದು ಕೇಳಿತು. ಹೆಚ್ಚಿದ್ದರೆ ಒಳ್ಳೆಯದೆಂದು 72 ಒತ್ತಿದ್ದು ಹುಡುಗನಲ್ಲ, ನಾನು. ಅದಕ್ಕೆ ಸೆಕೆಂಡಿಗೆ 48,000 ಸಾಲು ಬೇಕು. ಕೋಣಕ್ಕೆ ಶಕ್ತಿ ಮೀರಿ ಓಡು ಎಂದ ಹಾಗಾಯಿತು. ಪರದೆ ತುಂಬ ಓರೆ ಗೆರೆ, ಒಳಗಿನಿಂದ ಕೀಂಯ್ ಎಂಬ ಸದ್ದು. ಮೊಮ್ಮಗ ಹಾರಿ ಸ್ವಿಚ್ ಆರಿಸಿದ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಮಾನಿಟರ್ ಸುಟ್ಟು ಪಟ್ಟಿಯನ್ನು ನೋಡುವ ದಾರಿಯೇ ಮುಚ್ಚುತ್ತಿತ್ತು. ಮಕ್ಕಳೇ, ಇಂಥ ಮಾನಿಟರನ್ನು ಬಿಚ್ಚುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗೆ ಅಪಾಯದ ವಿದ್ಯುತ್ ಉಳಿದಿರುತ್ತದೆ.

ಪುನಃ ವಿಜಿಎಗೆ ಬಂದು, ಈ ಸಲ 56 ಆರಿಸಿದೆವು. ಸಾಲುಗಳ ಲೆಕ್ಕ 35,000ದ ಹತ್ತಿರ. ಮಾನಿಟರ್ ಒಪ್ಪಿತು. ಪಟ್ಟಿ ತೆರೆದರೆ ಹೆಸರುಗಳೂ ಐನೂರರ ಕಾಲಮ್ಮೂ ಒಟ್ಟಿಗೇ ಕಂಡವು! ಉಪ್ಪಿನ ಎದುರಿಗೆ ಉಪ್ಪು, ಸಾಸಿವೆಯ ಎದುರಿಗೆ ಸಾಸಿವೆ. ಸೊಸೆಯನ್ನು ಕರೆದು ಬರೆಸಿದೆ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು.

ಹುಡುಗನಿಗೆ ಮುಗಿದಿರಲಿಲ್ಲ. "1024 ಕೂಡ ಪಾಸಲ್ಲವಾ ಅಜ್ಜ? ನೋಡಿಯೇ ಬಿಡುವ" ಎಂದ. ನಮ್ಮ ಮಾನಿಟರ್ ಅಷ್ಟು ದೊಡ್ಡ ಗದ್ದೆಯನ್ನು ಒಂದೇ ಸಲಕ್ಕೆ ಉಳಲಾರದು. ಮೊದಲು ಒಂದು ಬಿಟ್ಟು ಒಂದು ಸಾಲು ಎಳೆದು, ಆಮೇಲೆ ನಡುವಿನ ಸಾಲುಗಳನ್ನು ತುಂಬಿಸುತ್ತದೆ. ಹಾಗಾಗಿ ಚಿತ್ರ ಮಿಣಮಿಣ ಅಲುಗುತ್ತದೆ. ಅಕ್ಷರಗಳೂ ಸಾಸಿವೆ ಕಾಳಿನಷ್ಟಾದವು. ಇಲ್ಲೊಂದು ಗುಟ್ಟು ನೆನಪಿಡಿ. ಚುಕ್ಕಿ ಹೆಚ್ಚಿಸಿದರೆ ಅಕ್ಷರ ದೊಡ್ಡದಾಗುವುದಿಲ್ಲ, ಜಾಗ ಹೆಚ್ಚುತ್ತದೆ. ಅಕ್ಷರ ಸಣ್ಣದೇ ಆಗುತ್ತದೆ. ನನಗೆ ಒಂದೂ ಓದಲಾಗಲಿಲ್ಲ.

"ಅಜ್ಜ, ಸಾವಿರದ ಕಾಲಮ್ಮಿನ ಆಚೆ ಇನ್ನೊಂದು ಉಂಟು" ಎಂದ ಮೊಮ್ಮಗ. "ಟಿಪ್ಪಣಿ ಅಂತ."

ಇಷ್ಟು ವರ್ಷ ನಾನು ಅಷ್ಟು ದೂರ ಸರಿಸಿಯೇ ಇರಲಿಲ್ಲ. ಅವನು ಪರದೆಗೆ ಮೂಗು ತಾಗಿಸಿ ಒಂದೊಂದಾಗಿ ಓದಿದ. ಮೆಣಸಿನ ಎದುರಿಗೆ, "ಎರಡು ಬಿಸಿಲು ಹೆಚ್ಚು ಬೇಕು." ಇಂಗಿನ ಎದುರಿಗೆ, "ಪುಡಿ ಅಲ್ಲ, ಗಟ್ಟಿ." ಉಪ್ಪಿನ ಎದುರಿಗೆ ಬಂದಾಗ ನಕ್ಕು ನಿಲ್ಲಿಸಿದ. "ಓದು" ಎಂದೆ.

"ಇವರು ಕಡಿಮೆ ಹಾಕು ಎನ್ನುತ್ತಾರೆ. ಕೇಳಬಾರದು."

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಕಳೆದ ವರ್ಷದ ಭರಣಿ ನಮ್ಮೆಲ್ಲರಿಗೂ ನೆನಪಾಯಿತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮಿಣಮಿಣ ಪರದೆ ನೋಡಿ ನೋಡಿ ಕಣ್ಣಲ್ಲಿ ನೀರು ಬರುತ್ತಿತ್ತು.

ಈಗ ಆ ಕಂಪ್ಯೂಟರ್ 800ಕ್ಕೆ 600ರಲ್ಲೇ ಇದೆ. ಕಾರ್ಡಿನ ಜಮಾ, ಮಾನಿಟರಿನ ಶಕ್ತಿ, ಓದುವವರ ಕಣ್ಣು, ಈ ಮೂರೂ ಒಪ್ಪುವ ಜಾಗ ಅದು. ಟಿಪ್ಪಣಿ ಬೇಕಾದಾಗ 1024ಕ್ಕೆ ಏರಿಸಲು ಮೊಮ್ಮಗ ರಜೆಯಲ್ಲಿ ಬರುತ್ತಾನೆ. ಈ ವರ್ಷದ ಐನೂರು ಮಿಡಿ ಭರಣಿಯಲ್ಲಿವೆ. ಉಪ್ಪು ಪಟ್ಟಿಯಲ್ಲಿದ್ದಷ್ಟೇ ಹಾಕಿದ್ದೇವೆ.

ಮನೆಯಲ್ಲಿ ಅಜ್ಜಿಯ ಹಳೆ ಪಟ್ಟಿ ಇದ್ದರೆ, ಕಾಗದದ್ದಾದರೂ ಸರಿ, ಕೊನೆಯ ಕಾಲಂ ತನಕ ಓದಿ. ಅಜ್ಜನಿಗೆ ಕಾಣದಿದ್ದರೆ ನೀವು ಓದಿ ಹೇಳಿ.

ಈ ವಾರದ ಲೆಕ್ಕ: ನಮ್ಮ ಕಾರ್ಡಿನಲ್ಲಿ 512ರ ಬದಲು 1024 ಕೆಬಿ ಇದ್ದಿದ್ದರೆ, ಮೊಮ್ಮಗ ಮೊದಲು ಬರೆದ ಚೆಕ್ ಪಾಸಾಗುತ್ತಿತ್ತು. ಒಂದು ಕೆಬಿ ಎಂದರೆ 1,024 ಬೈಟ್. ಹಾಗಾದರೆ ಖರ್ಚು ಕಳೆದು ಖಾತೆಯಲ್ಲಿ ಉಳಿಯುವ ಬಾಕಿ ಎಷ್ಟು? ಉತ್ತರ ಸಿಕ್ಕಿದ ಮೇಲೆ ಈ ಪುಟವನ್ನು ಇನ್ನೊಮ್ಮೆ ಓದಿ. ಅದೇ ಸಂಖ್ಯೆ ಇಲ್ಲೇ ಎಲ್ಲೋ ಅಡಗಿ ಕೂತಿದೆ.