ಅಮೂರ್ತ ಚಿತ್ರದಲ್ಲೂ ಊರಿದೆ

ಅಮೂರ್ತ ಚಿತ್ರವೆಂದರೆ ತಲೆಬುಡವಿಲ್ಲದ ಗೀಚು ಎಂದು ಮೂಗು ಮುರಿಯುವವರು ಕನ್ನಡಿಗರಲ್ಲೂ ಕಡಿಮೆಯಿಲ್ಲ. ಕೋಲ್ಕತ್ತದ ಕನ್ನಡಿಗರು ಹಾಗೆನ್ನುವ ಮುನ್ನ ಇದೇ ನಗರದಲ್ಲಿ ಬೆಳೆದ ಕಲಾವಿದ ಗಣೇಶ್ ಹಾಲುಯಿ ಅವರ ಚಿತ್ರಗಳನ್ನೊಮ್ಮೆ ನೋಡಬೇಕು.

ಹಾಲುಯಿ ಜನಿಸಿದ್ದು 1936ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಜಮಾಲ್‌ಪುರದಲ್ಲಿ. ಅದು ಬ್ರಹ್ಮಪುತ್ರದ ಹಳೆಯ ಪಾತ್ರದ ದಡದ ಊರು. ದೇಶ ವಿಭಜನೆಯ ಬಳಿಕ 1950ರಲ್ಲಿ ಕಲ್ಕತ್ತೆಗೆ ಬಂದ ಅವರು ಇಲ್ಲಿನ ಸರ್ಕಾರಿ ಕಲಾ ಕಾಲೇಜಿನಲ್ಲಿ ಕಲಿತರು. 1957ರಲ್ಲಿ ಪುರಾತತ್ವ ಇಲಾಖೆಯ ಕೆಲಸಕ್ಕೆ ಅಜಂತಾಕ್ಕೆ ತೆರಳಿ, ಗುಹೆಗಳ ಭಿತ್ತಿಚಿತ್ರಗಳನ್ನು ನಕಲು ಮಾಡುತ್ತ ವರ್ಷಗಳನ್ನು ಕಳೆದರು. 1963ರಲ್ಲಿ ಮರಳಿ, ಕಲಿತ ಕಾಲೇಜಿನಲ್ಲೇ ಅಧ್ಯಾಪಕರಾದರು. 2017ರಲ್ಲಿ ಅವರ ಚಿತ್ರಗಳು ಹೆಸರಾಂತ 'ಡಾಕ್ಯುಮೆಂಟಾ' ಪ್ರದರ್ಶನದಲ್ಲಿದ್ದವು.

ಚಿತ್ರ ಬರೆಯಲು ಬಾರದವರು ಅಮೂರ್ತಕ್ಕೆ ಮೊರೆಹೋಗುತ್ತಾರೆ ಎಂಬ ಆಕ್ಷೇಪಕ್ಕೆ ಅಜಂತಾದ ಆ ದುಡಿಮೆಯೇ ಉತ್ತರ. ಇದ್ದುದನ್ನು ಇದ್ದಂತೆ ಬರೆಯಬಲ್ಲ ಕೈ, ಬೇಡದ್ದನ್ನು ಬಿಡುತ್ತ ಬಂದಿತು. ತೆಳುಬಣ್ಣದ ಹರವು, ಒಂದೆರಡು ಗೆರೆ, ಕೆಲವು ಚುಕ್ಕೆ, ಇಷ್ಟರಲ್ಲೇ ನೀರು, ದಡ, ಗದ್ದೆಯ ಬದು ನೋಡುವವರಿಗೆ ನೆನಪಾಗುತ್ತವೆ.

ಮಂಗಳೂರನ್ನೋ ಧಾರವಾಡವನ್ನೋ ಬಿಟ್ಟು ಬಂದವರಿಗೆ ಇದು ಅಪರಿಚಿತವಲ್ಲ. ಉದ್ಯೋಗಕ್ಕಾಗಿ ಬಂದವರ ಅಗಲಿಕೆಯೂ ನೆಲೆ ಕಳೆದುಕೊಂಡವರ ನೋವೂ ಒಂದೇ ಅಲ್ಲ, ನಿಜ. ಆದರೆ ವರ್ಷಗಳು ಸಂದಂತೆ ಇಬ್ಬರಿಗೂ ವಿವರಗಳು ಮಾಸುತ್ತವೆ. ಕೊನೆಗೆ ಉಳಿಯುವುದು ಕೆಂಪು ಮಣ್ಣಿನ ಬಣ್ಣ, ಹಂಚಿನ ಮಾಡಿನ ಒಂದು ಓರೆಗೆರೆ.

ಆ ಕಲಾ ಕಾಲೇಜಿಗೂ ಕನ್ನಡನಾಡಿಗೂ ಹಳೆಯ ನಂಟಿದೆ. ಅದಿನ್ನೂ ಶಾಲೆಯಾಗಿದ್ದಾಗ, 1909ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಮೈಸೂರಿನ ಕೆ. ವೆಂಕಟಪ್ಪ ಇಲ್ಲಿಗೆ ಬಂದು ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅವರು ಅಮೂರ್ತ ಕಲಾವಿದರಲ್ಲ. ಆದರೆ ಕಲಿಕೆಗಾಗಿ ಕನ್ನಡಿಗರು ವಂಗಭೂಮಿಗೆ ಬಂದ ದಾರಿಯನ್ನು ಅವರ ಹೆಸರು ನೆನಪಿಸುತ್ತದೆ.

ರಾಜ್ಯೋತ್ಸವವೆಂದರೆ ಹಾಡು, ನೃತ್ಯ, ಭೋಜನ. ಮಕ್ಕಳ ಚಿತ್ರಕಲಾ ಸ್ಪರ್ಧೆ ನಡೆದರೂ ಜೋಗವನ್ನು ಪಟದಲ್ಲಿದ್ದಂತೆ ಬರೆದವರಿಗೇ ಬಹುಮಾನ. ಸಂಘದ ಪದಾಧಿಕಾರಿಗಳು ಈ ಬಾರಿ ಪಟವನ್ನು ಬದಿಗಿಟ್ಟು, ರಜೆಯಲ್ಲಿ ಕಂಡ ಅಜ್ಜಿಯ ಊರನ್ನು ನೆನಪಿನಿಂದಲೇ ಬರೆಯಲು ಹೇಳಲಿ. ವರ್ಷಕ್ಕೊಮ್ಮೆ ಮಕ್ಕಳನ್ನು ಕಲಾ ಪ್ರದರ್ಶನಕ್ಕೂ ಕರೆದೊಯ್ಯಲಿ. ಇಲ್ಲೇ ಹುಟ್ಟಿದ ಮಗುವಿನ ಮನಸ್ಸಿನಲ್ಲಿ ಊರು ಎಷ್ಟು ಉಳಿದಿದೆ ಎಂಬುದು ಆ ಗೆರೆಗಳಲ್ಲಿ ತಿಳಿದೀತು. ಹಾಳೆ ಖಾಲಿಯಾಗಿಯೇ ಉಳಿದರೆ, ಅದನ್ನು ತುಂಬಿಸುವ ಹೊಣೆ ಹಿರಿಯರದು.