ಸುಬಾ ಹೋಗಿ ಜಿಲ್ಲೆಯಾಗುವವರೆಗೆ
ಗೋರ್ಟಾ (ಬಿ) ಗ್ರಾಮದ ಸುತ್ತಲಿನ ಸೀಮೆ ಮೊಘಲರ ಲೆಕ್ಕದ ಪುಸ್ತಕಕ್ಕೆ ಸೇರಿದ್ದು 1657ರಲ್ಲಿ. ಆ ವರ್ಷ ಔರಂಗಜೇಬ ಬೀದರ್ ಕೋಟೆಗೆ ಮುತ್ತಿಗೆ ಹಾಕಿದ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಕೋಟೆ ಕಾಯುತ್ತಿದ್ದವನು ವಯಸ್ಸಾದ ಸಿದ್ದಿ ಮರ್ಜಾನ್. ಮೊಘಲರು ಎಸೆದ ಅಗ್ನಿಬಾಣದ ಕಿಡಿ ಮದ್ದಿನ ದಾಸ್ತಾನಿಗೆ ತಗುಲಿ ಸಿಡಿಯಿತು. ಸುಟ್ಟ ಗಾಯಗಳಿಂದ ಮರ್ಜಾನ್ ಸತ್ತ, ಕೋಟೆ ಬಿತ್ತು. ಕೆಲವೇ ತಿಂಗಳಲ್ಲಿ ಕಲ್ಯಾಣಿ ಕೋಟೆಯೂ ಬಿಜಾಪುರದ ಕೈತಪ್ಪಿತು. ಬೀದರಿಗೆ ಜಫರಾಬಾದ್ ಎಂಬ ಹೊಸ ಹೆಸರಿಟ್ಟರು. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ ಅನ್ನುವುದು ಬೇರೆ ಮಾತು. ದಖ್ಖನಿನ ಆರು ಮೊಘಲ್ ಸುಬಾಗಳಲ್ಲಿ, ಅಂದರೆ ಪ್ರಾಂತ್ಯಗಳಲ್ಲಿ, ಬೀದರ್ ಒಂದಾಯಿತು. 1724ರ ನಂತರ ಅದೇ ನೆಲ ಆಸಫ್ ಜಾಹಿ ನಿಜಾಮರದ್ದು. ದೆಹಲಿಯ ಹಿಡಿತ ಹೆಸರಿಗಷ್ಟೇ ಉಳಿಯಿತು, ಕಲ್ಯಾಣಿ ನವಾಬರ ಜಹಗೀರಾಯಿತು. ಈ ಆಳ್ವಿಕೆಗಳ ಸರಪಳಿಯ ಕಡೆಯ ಕೊಂಡಿ ಗೋರ್ಟಾದಲ್ಲೇ ರಕ್ತ ಸುರಿಸಿತು. ದೇಶ ಸ್ವತಂತ್ರವಾಗಿ ಒಂಬತ್ತು ತಿಂಗಳಾಗಿದ್ದರೂ ನಿಜಾಮರ ಹೈದರಾಬಾದ್ ಸಂಸ್ಥಾನ ಇನ್ನೂ ಭಾರತದ ಹೊರಗೇ ಇತ್ತು. 1948ರ ಮೇ ತಿಂಗಳಲ್ಲಿ ನಿಜಾಮರ ಪರವಾದ ಸಶಸ್ತ್ರ ಪಡೆಯಾದ ರಜಾಕಾರರು ಊರಿಗೆ ನುಗ್ಗಿ ಮನೆಗಳನ್ನು ದೋಚಿದರು; ಸತ್ತವರು ಇನ್ನೂರಕ್ಕೂ ಹೆಚ್ಚು ಎಂಬುದು ಊರವರ ಲೆಕ್ಕ. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ, 1956ರ ನವೆಂಬರ್ 1ರಂದು, ಬೀದರ್ ಜಿಲ್ಲೆಯೇ ಮೂರು ಪಾಲಾಯಿತು: ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಹುಮನಾಬಾದ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ.