ರಾತ್ರಿ ಪಾಳಿಯವರು ಯಾರ ಶತ್ರು?

1999ರ ಏಪ್ರಿಲ್ 23ರ ನಸುಕು. ಗಂಟೆ ಎರಡು ದಾಟಿತ್ತಷ್ಟೆ. ಬೆಲ್‌ಗ್ರೇಡ್‌ನಲ್ಲಿ ಸರ್ಬಿಯಾದ ಸರ್ಕಾರಿ ಟಿ.ವಿ. ಕೇಂದ್ರ ಆರ್‌ಟಿಎಸ್ ಮೇಲೆ ನ್ಯಾಟೊ ದಾಳಿ ನಡೆಸಿತು. ಸತ್ತವರು 16 ಮಂದಿ: ತಂತ್ರಜ್ಞರು, ಕಾವಲುಗಾರರು, ಮೇಕಪ್ ಮಾಡುತ್ತಿದ್ದ ಒಬ್ಬ ಯುವತಿ. ಯಾವ ಸುದ್ದಿ ಬಿತ್ತರಿಸಬೇಕು ಎಂಬ ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಅವರು ರಾತ್ರಿ ಪಾಳಿಗೆ ಬಂದವರು.

ಆ ವಾಹಿನಿ ಅಂದಿನ ಯುಗೊಸ್ಲಾವಿಯಾ ಅಧ್ಯಕ್ಷ ಮಿಲೊಸೆವಿಚ್ ಆಡಳಿತದ ತುತ್ತೂರಿ, ಅದರ ಜಾಲವನ್ನು ಸೇನೆಯೂ ಬಳಸುತ್ತಿದೆ ಎಂದು ನ್ಯಾಟೊ ವಾದಿಸಿತು. ಮೊದಲ ಮಾತು ಸುಳ್ಳಲ್ಲ. ತೊಂಬತ್ತರ ದಶಕದ ತನ್ನ ವರದಿಗಾರಿಕೆಗಾಗಿ ಆರ್‌ಟಿಎಸ್ 2011ರಲ್ಲಿ ತಾನೇ ಕ್ಷಮೆ ಕೇಳಿತು. ಆದರೆ ಸುಳ್ಳು ಬಿತ್ತರಿಸಿದ ಮಾತ್ರಕ್ಕೆ ಸ್ಟುಡಿಯೊ ಶಸ್ತ್ರಾಗಾರವಾಗುವುದಿಲ್ಲ. ಅಷ್ಟಕ್ಕೂ ಆ ದಾಳಿಯಿಂದ ಸಿಕ್ಕಿದ್ದೇನು? ಕೆಲವೇ ಗಂಟೆಗಳಲ್ಲಿ ಪ್ರಸಾರ ಮತ್ತೆ ಶುರುವಾಯಿತು.

ಹಿಂದಿನ ಯುಗೊಸ್ಲಾವಿಯಾಕ್ಕಾಗಿ ರಚಿಸಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಅಭಿಯೋಜಕರು ನೇಮಿಸಿದ ಸಮಿತಿ 2000ದಲ್ಲಿ ಇದನ್ನು ಪರಿಶೀಲಿಸಿತು. ಪ್ರಚಾರವನ್ನು ತಡೆಯುವುದಷ್ಟೇ ಉದ್ದೇಶವಾಗಿದ್ದರೆ ದಾಳಿ ಕಾನೂನುಬದ್ಧವೇ ಎಂಬ ಅನುಮಾನವನ್ನು ಅದೇ ಬರೆದಿಟ್ಟಿತು. ತನಿಖೆ ಬೇಡ ಎಂದೂ ಹೇಳಿತು. ಮೃತರ ಬಂಧುಗಳು ನ್ಯಾಟೊದ 17 ಸದಸ್ಯ ರಾಷ್ಟ್ರಗಳ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು 2001ರ ಡಿಸೆಂಬರ್‌ನಲ್ಲಿ ಅದು ಅರ್ಜಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿತು. ಜೈಲಿಗೆ ಹೋದದ್ದು ವಾಹಿನಿಯ ಮುಖ್ಯಸ್ಥ ಡ್ರಾಗೊಲ್ಯುಬ್ ಮಿಲಾನೊವಿಚ್: ದಾಳಿಯ ಸುಳಿವಿದ್ದೂ ಸಿಬ್ಬಂದಿಯನ್ನು ಹೊರಗೆ ಕಳಿಸಲಿಲ್ಲ ಎಂಬುದು ಅವರ ಮೇಲಿನ ಆರೋಪ. ಆ ಶಿಕ್ಷೆ ನ್ಯಾಯವೇ. ನೌಕರರನ್ನು ಗುರಾಣಿಯಂತೆ ಕಟ್ಟಡದಲ್ಲಿ ಉಳಿಸಿಕೊಂಡವರೂ ಅಪರಾಧಿಗಳೇ. ಕ್ಷಿಪಣಿ ಬಿಟ್ಟವರನ್ನು ಮಾತ್ರ ಯಾವ ಕಟಕಟೆಯೂ ಕರೆಯಲಿಲ್ಲ. ಪಕ್ಕದ ಟಾಶ್‌ಮೈದಾನ್ ಉದ್ಯಾನದಲ್ಲಿ ಮೃತರಿಗಾಗಿ ನೆಟ್ಟ ಕಲ್ಲಿನ ಮೇಲೆ ‘ಏಕೆ?’ ಎಂದು ಕೆತ್ತಲಾಗಿದೆ.

ಉತ್ತರ ಕೊಡಬೇಕಾದವರು ಕೊಡದೆ ಉಳಿದದ್ದರಿಂದ ಅದೇ ವಾದ ಕೈಯಿಂದ ಕೈಗೆ ದಾಟಿತು. 2022ರ ಮಾರ್ಚ್ 1ರಂದು ರಷ್ಯಾ ಕೀವ್‌ನ ಟಿ.ವಿ. ಗೋಪುರದ ಮೇಲೆ ದಾಳಿ ಮಾಡಿತು, ಐವರು ಸತ್ತರು. 2025ರ ಜೂನ್ 16ರಂದು ಇಸ್ರೇಲ್ ಟೆಹರಾನ್‌ನ ಸರ್ಕಾರಿ ಪ್ರಸಾರ ಕೇಂದ್ರದ ಮೇಲೆ ಬಾಂಬ್ ಹಾಕಿತು. ನೇರ ಪ್ರಸಾರದಲ್ಲಿದ್ದ ನಿರೂಪಕಿ ಧೂಳಿನ ನಡುವೆ ಎದ್ದು ಓಡಿದ್ದನ್ನು ಜಗತ್ತೇ ನೋಡಿತು. ಬಂಧಿತರಿಂದ ಬಲವಂತವಾಗಿ ಹೇಳಿಸಿದ ತಪ್ಪೊಪ್ಪಿಗೆಗಳನ್ನು ಬಿತ್ತರಿಸಿದ ವಾಹಿನಿ ಅದು. ಅದನ್ನು ಮೆಚ್ಚಬೇಕಿಲ್ಲ. ಆದರೂ ಅಲ್ಲಿ ಕ್ಯಾಮೆರಾ ಹಿಡಿದವನು ಸೈನಿಕನಲ್ಲ.

ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೊ ಇಲ್ಲಿ ನೆನಪಾಗುವುದು ಸಹಜ. 1994ರಲ್ಲಿ ಅದು ಟುಟ್ಸಿಗಳ ಹತ್ಯೆಗೆ ಬಹಿರಂಗ ಕರೆ ಕೊಡುತ್ತಿತ್ತು. ನರಮೇಧ ನಡೆಯುತ್ತಿರುವಾಗ ಅಂಥ ದನಿಯನ್ನು ತಡೆಯಲೇಬೇಕಿತ್ತು. ಆದರೆ ಯುದ್ಧಕಾಲದ ಡಂಗುರ ಒಂದು, ಕೊಲ್ಲಿರೆಂಬ ಆದೇಶ ಇನ್ನೊಂದು. ಆ ರೇಡಿಯೊ ನಡೆಸಿದವರನ್ನು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ವಿಚಾರಣೆ ಮಾಡಿಯೇ ಶಿಕ್ಷಿಸಿತು.

ಯುದ್ಧಭೂಮಿಯ ಪತ್ರಕರ್ತರು ನಾಗರಿಕರೇ ಎಂದು ಸ್ಪಷ್ಟವಾಗಿ ಹೇಳುವುದು ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 79ನೇ ವಿಧಿ. ಭಾರತ ಮೂಲ ಒಪ್ಪಂದಗಳಲ್ಲಿ ಇದೆ, ಈ ಪ್ರೋಟೊಕಾಲ್‌ನಲ್ಲಿ ಇಲ್ಲ. ದೆಹಲಿ ಅದಕ್ಕೆ ಸೇರಬೇಕು. ಗಡಿಯಾಚೆಯ ವಾಹಿನಿಗಳ ರಾತ್ರಿ ಪಾಳಿಯವರಿಗೂ ಅದು ಅನ್ವಯಿಸುತ್ತದೆ ಎಂದು ಒಪ್ಪಿಕೊಂಡೇ ಸೇರಬೇಕು.